ಅಂಗೈ ತೋರಿಸುವ ಸಾಲು

ತಮಟೆಯವರಿಗೆ ಟೀ ಹಂಚುತ್ತಿದ್ದ ಇಸಕ್ಕಿಮುತ್ತುವಿನ ಕೈಯಿಂದ ಅವನ ಅಪ್ಪನ ತಂಗಿ ಪೇಚ್ಚಿ ಅತ್ತೆ ತಟ್ಟೆಯನ್ನು ಕಿತ್ತುಕೊಂಡಳು.

"ಹೆಂಡ್ತಿ ಸತ್ತ ದಿನ ಟೀ ಹಂಚೋ ಗಂಡನ್ನ ನಾನೆಲ್ಲೂ ನೋಡಿಲ್ಲ. ಹೋಗಿ ಪೆಟ್ಟಿಗೆ ಪಕ್ಕ ಕೂತ್ಕೋ. ಬಂದೋರು ಯಾರ ಮುಖ ನೋಡ್ಕೊಂಡು ಅಳಬೇಕು?"

"ಕೂತ್ರೆ ಕಾಲು ಜೋಮು ಹಿಡಿಯತ್ತೆ ಅತ್ತೆ. ನಿಂತೇ ಅಭ್ಯಾಸ."

"ಬಸ್ಸಲ್ಲಿ ನಿಂತಿದ್ದು ಸಾಲದು ಅಂತ ಇಲ್ಲೂ ನಿಲ್ತಾನೆ. ಹಂಗೇ ಬಂದೋರಿಗೆಲ್ಲ ಒಂದೊಂದು ಟಿಕೆಟ್ ಹರಿದುಕೊಟ್ಟುಬಿಡು."

ತಮಟೆಯವರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ಪಕ್ಕದಲ್ಲಿದ್ದ ಹಿರಿಯ ಅವನ ತೊಡೆಗೆ ಚಿವುಟಿದ. ಇಸಕ್ಕಿಮುತ್ತುವಿಗೂ ನಗು ಬಂತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿ, ಕಂಡಕ್ಟರಾಗಿಯೇ ನಿವೃತ್ತನಾದವನು ಅವನು. ಪೆಂಡಾಲಿನೊಳಗೆ ಯಾರಾದರೂ ಕಾಲಿಟ್ಟರೆ ಈಗಲೂ ಎಲ್ಲಿ ಜಾಗ ಖಾಲಿ ಇದೆ ಎಂದೇ ಮೊದಲು ಅವನ ಕಣ್ಣು ಹೋಗುತ್ತಿತ್ತು.

ಪೆಂಡಾಲಿನ ನಡುವೆ ಗಾಜಿನ ಪೆಟ್ಟಿಗೆಯಲ್ಲಿ ವಡಿವು ಮಲಗಿದ್ದಳು. ಹಣೆಯ ಮೇಲೆ ನಾಣ್ಯ, ತಲೆತುಂಬ ಮಲ್ಲಿಗೆ. ನಿನ್ನೆ ರಾತ್ರಿ ಎರಡು ದೋಸೆ ತಿಂದು, "ಊರ ತುಂಬ ಉಪ್ಪಿನ ರಾಶಿ, ನಮ್ಮನೆ ಚಟ್ನಿಗೆ ಮಾತ್ರ ಉಪ್ಪಿಲ್ಲ" ಎಂದು ಗೊಣಗಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಊರಿನ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿ ಹತ್ತು ವರ್ಷ ಕಳೆದಿದ್ದವು. ಯಾರಿಗೂ ಒಂದು ಲೋಟ ನೀರು ಕೊಡುವ ಕೆಲಸವನ್ನೂ ಇಡದೆ ಹೋದಳು. ಅಂಥ ಸಾವಿಗೆ ತೂತುಕುಡಿ ಕಡೆ ಅಳುವುದಕ್ಕಿಂತ ಕುಣಿಯುವುದೇ ಹೆಚ್ಚು. ಹೂವು, ಪಟಾಕಿ, ತಮಟೆ, ಎಲ್ಲಕ್ಕೂ ಮಗ ಕುಮರೇಸನ್ ಬೆಳಗ್ಗೆಯೇ ಹೇಳಿಬಿಟ್ಟಿದ್ದ.

ಟೀ ಲೋಟ ಕೆಳಗಿಟ್ಟು ಹಿರಿಯ ತಮಟೆಯವನು ಕೇಳಿದ. "ಅಣ್ಣಾಚ್ಚಿ, ಟೀಚರ್ ತವರಿನವರು ಎಷ್ಟು ಹೊತ್ತಿಗೆ ಬರ್ತಾರೆ? ಬೀದಿ ತುದಿಗೆ ಹೋಗಿ ಬಾರಿಸ್ಕೊಂಡು ಕರ್ಕೊಂಡು ಬರ್ಬೇಕಲ್ಲ."

ಇಸಕ್ಕಿಮುತ್ತುವಿಗಿಂತ ಮೊದಲು ಪೇಚ್ಚಿ ಅತ್ತೆಯೇ ಹೇಳಿದಳು. "ತವರಾ? ಅವಳಿಗೆ ತವರು ಇದ್ದಿದ್ರೆ ಇವನ್ಯಾಕೆ ಸಿಕ್ತಿದ್ದ?"

ಮಾತಿನಲ್ಲಿ ವಿಷವಿರಲಿಲ್ಲ, ಆದರೆ ನಿಜವಿತ್ತು. ಹೆಣ್ಣು ಎಷ್ಟೇ ವಯಸ್ಸಾಗಿ ಹೋದರೂ ಕೊನೆಯ ಸೀರೆ ಹುಟ್ಟಿದ ಮನೆಯಿಂದ ಬರಬೇಕು. ಅಕ್ಕಾ ಎಂದೋ ತಂಗೀ ಎಂದೋ ಕರೆಯುವ ಬಾಯಿಯವರೇ ತಟ್ಟೆಯಲ್ಲಿಟ್ಟು ತರಬೇಕು. ತಮಟೆ ಎದುರುಗೊಳ್ಳಬೇಕು. ಅದನ್ನು ಹೊದಿಸಿದ ಮೇಲೆಯೇ ಚಟ್ಟ ಏಳುವುದು. ವಡಿವು ಬಸ್ಸಿನ ಕಂಡಕ್ಟರನನ್ನು, ಅದೂ ಬೇರೆ ಜಾತಿಯವನನ್ನು ಕಟ್ಟಿಕೊಂಡು ಬಂದ ದಿನದಿಂದ ಹುಟ್ಟಿದ ಮನೆಯವರು ಈ ಹೊಸ್ತಿಲು ತುಳಿದಿರಲಿಲ್ಲ. ಅವಳ ಒಡಹುಟ್ಟಿದವರಲ್ಲಿ ಈಗ ಉಳಿದಿರುವವನು ಅಣ್ಣ ಶಂಕರಪಾಂಡಿ ಒಬ್ಬನೇ.

ಯಾರದೋ ಸಾವಿಗೆ ಹೋಗಿ ಬಂದ ದಿನ ವಡಿವು ಸೊಪ್ಪು ಬಿಡಿಸುತ್ತ ಕೇಳಿದ್ದಳು, "ರೀ, ನನಗ್ಯಾರು ತರ್ತಾರೆ ಸೀರೆ?" ಅವನು ಸೊಪ್ಪಿನ ಕಡ್ಡಿ ಆರಿಸತೊಡಗಿದ್ದನ್ನು ಕಂಡು ಅವಳೇ ನಕ್ಕು, "ನಿಮ್ಮ ಡಿಪೋದಿಂದ ತರಿಸಿಬಿಡಿ, ಖಾಕಿ ಸೀರೆ" ಎಂದಿದ್ದಳು. ಅವನೂ ನಕ್ಕಿದ್ದ.

ಬೆಳಗಾಗುತ್ತಿದ್ದಂತೆ, ಇಷ್ಟು ವರ್ಷ ಒಮ್ಮೆಯೂ ಒತ್ತದ ನಂಬರನ್ನು ಅವನು ಒತ್ತಿದ್ದ. ಶಂಕರಪಾಂಡಿಯ ಮಗ ಎತ್ತಿಕೊಂಡು, "ಅಪ್ಪನಿಗೆ ಹೇಳ್ತೀನಿ" ಎಂದು ಇಟ್ಟಿದ್ದ. ಅಷ್ಟೇ.

ಕುಮರೇಸನ್ ಹತ್ತಿರ ಬಂದು ದನಿ ತಗ್ಗಿಸಿದ. ವಿದ್ಯುತ್ ಕಚೇರಿಯಲ್ಲಿ ಕೆಲಸ ಅವನಿಗೆ. ಎಲ್ಲಿ ತಂತಿ ಕಡಿದಿದ್ದರೂ ಸಂಜೆಯೊಳಗೆ ಗಂಟು ಹಾಕಿ ಮುಗಿಸುವ ಸ್ವಭಾವ. "ಅಪ್ಪಾ, ತೂತುಕುಡಿಯಿಂದ ನಾನೇ ಒಂದು ಸೀರೆ ತರಿಸ್ತೀನಿ. ಮಾವ ಕಳ್ಸಿದ್ರು ಅಂತ ಹೇಳೋಣ. ಯಾರಿಗೆ ಗೊತ್ತಾಗತ್ತೆ?"

"ನಿಮ್ಮಮ್ಮನಿಗೆ ಗೊತ್ತಾಗತ್ತೆ."

ಮಗ ಪೆಟ್ಟಿಗೆಯ ಕಡೆ ನೋಡಿ, ತೆಗೆದಿದ್ದ ಫೋನನ್ನು ಜೇಬಿಗೆ ಹಾಕಿದ.

ಅಷ್ಟರಲ್ಲಿ ಒಳಗಿಂದ ಒಬ್ಬಳು ಹುಡುಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಮಲಿ. ಮೀನುಗಾರರ ಬೀದಿಯವಳು, ತೂತುಕುಡಿಯಲ್ಲಿ ನರ್ಸಿಂಗ್ ಓದುತ್ತಿದ್ದವಳು. ಸುದ್ದಿ ಸಿಕ್ಕಿದ್ದೇ ಮೊದಲ ಬಸ್ಸಿಗೆ ಬಂದು ಅಡಿಗೆಮನೆ ಹಿಡಿದಿದ್ದಳು.

"ಭಾವಾ, ನೀವು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಎರಡು ಇಡ್ಲಿ ಇಟ್ಟಿದೀನಿ, ಬನ್ನಿ."

ಪೇಚ್ಚಿ ಅತ್ತೆ ಕಣ್ಣು ಕಿರಿದು ಮಾಡಿದಳು. "ಯಾರೇ ನಿಂಗೆ ಭಾವ? ಇವನ ಮೊಮ್ಮಗಳ ವಯಸ್ಸು ನಿಂದು. ತಾತ ಅನ್ನು."

"ಅಕ್ಕನ ಗಂಡ ತಾತ ಹೆಂಗಾಗ್ತಾರೆ ಅಜ್ಜಿ?"

"ಯಾವ ಅಕ್ಕ?"

"ಪೆಟ್ಟಿಗೇಲಿ ಮಲಗಿದಾರಲ್ಲ, ಆ ಅಕ್ಕ." ಅಮಲಿ ಅಷ್ಟು ಹೇಳಿ, ಇಡ್ಲಿ ಆರುತ್ತದೆಂದು ನೆನಪಿಸಿ ಒಳಗೆ ಹೋದಳು.

"ಕಲಿಕಾಲ" ಎಂದಳು ಪೇಚ್ಚಿ ಅತ್ತೆ.

*

ಶಾಲೆಗೆ ಆರು ಟ್ಯಾಬ್ ಬಂದಾಗ ವಡಿವುವಿನ ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಅಲ್ಲಿಯವರೆಗೆ ಅವಳು ಇಂಗ್ಲಿಷ್ ಕಲಿಸಿದ್ದು ತಮಿಳಿನಲ್ಲೇ. ಪುಸ್ತಕ ಹಿಡಿದು ಅರ್ಥ ಹೇಳುವುದು, ಹಲಗೆಯ ಮೇಲೆ ಬರೆಯುವುದು, ಮಕ್ಕಳು ನೋಡಿ ಇಳಿಸಿಕೊಳ್ಳುವುದು. ಬಾಯಿ ಬಿಟ್ಟು ಆಡುತ್ತಿದ್ದ ಇಂಗ್ಲಿಷ್ ಎಂದರೆ ಎರಡೇ ಮಾತು: "ಸಿಟ್ ಡೌನ್", "ಕೀಪ್ ಕ್ವಯಟ್".

ಬಂದರಿನ ಯಾವುದೋ ಸಂಘದವರು ಕೊಟ್ಟ ಟ್ಯಾಬ್‌ಗಳು ಅವು. ಮೂರನೆಯ ತರಗತಿಯ ಮಕ್ಕಳು ಐದೈದು ಜನ ಒಂದೊಂದರ ಸುತ್ತ ಕೂರಬೇಕು. ಪರದೆಯ ಮೇಲೆ ಗಿಳಿ ಬರುತ್ತದೆ, ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಾಳೆ, ಆಮೇಲೆ "ಯುವರ್ ಟರ್ನ್" ಎನ್ನುತ್ತಾಳೆ. ಆಗ ಮಗು ಗಿಳಿಯನ್ನು ಮುಟ್ಟಿ ಆ ಮಾತನ್ನು ತಾನೂ ಹೇಳಬೇಕು. ಹೇಳಿದ್ದನ್ನು ಟ್ಯಾಬ್ ತಿರುಗಿ ಕೇಳಿಸುತ್ತದೆ.

ಮೊದಲ ದಿನ ಮಕ್ಕಳು ಮುಟ್ಟಿದರು. ಗಿಳಿ ಅಲ್ಲಾಡಲಿಲ್ಲ. ಇನ್ನೊಬ್ಬ ಮುಟ್ಟಿದ, ಇಲ್ಲ. ಆರು ಟ್ಯಾಬಿನಲ್ಲೂ ಆರು ಗಿಳಿ ಮುಷ್ಕರ ಹೂಡಿದ ಹಾಗೆ ಕೂತಿದ್ದವು. ಮಕ್ಕಳ ಕೈ ಹಿಡಿದು ತಾನೂ ಒತ್ತಿ ಒತ್ತಿ ಸೋತು, ಒಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

"ಅದಕ್ಕೆ ಗೊತ್ತಾಗಿಬಿಟ್ಟಿದೆ ಕಣ್ರೀ," ಎಂದಳು.

"ಏನು?"

"ನಂಗೆ ಇಂಗ್ಲಿಷ್ ಬರಲ್ಲ ಅಂತ. ನನ್ನ ಕೈ ಕಂಡ್ರೆ ಬಾಯೇ ಬಿಡಲ್ಲ. ಮಕ್ಕಳ ಮುಂದೆ ಮಾನ ಹೋಯ್ತು."

ಇಸಕ್ಕಿಮುತ್ತು ಟವೆಲು ಬಿಚ್ಚಿ ಒಂದು ಬೆರಳು ಇಟ್ಟ. ಗಿಳಿ ರೆಕ್ಕೆ ಬಡಿದು ಮಾತಾಡಿತು. ವಡಿವು ಅವನನ್ನು ನೋಡಿದ ನೋಟವನ್ನು ಅವನು ಸಾಯುವವರೆಗೂ ಮರೆಯಲಾರ. "ಎಂಟನೇ ಕ್ಲಾಸ್ ಫೇಲ್ ಆದೋರ ಹತ್ರ ಮಾತಾಡತ್ತೆ!"

ಅವನು ಪರದೆಯನ್ನು ಬೆಳಕಿಗೆ ಓರೆ ಹಿಡಿದ. ತುಂಬ ಬೆರಳಚ್ಚು, ಬೆರಳಚ್ಚಿನ ಮೇಲೆ ಸಣ್ಣ ಬಿಳಿ ಪೊರೆ. ನಾಲಿಗೆಯ ತುದಿ ತಾಗಿಸಿ ನೋಡಿದ. ಉಪ್ಪು. ಟವೆಲು ಅದನ್ನು ದಾರಿಯುದ್ದಕ್ಕೂ ಒರೆಸಿಕೊಂಡು ಬಂದದ್ದಕ್ಕೆ ಇಷ್ಟಾದರೂ ಎಚ್ಚರವಾಗಿತ್ತು. ಬಸ್ಸಿನ ಟಿಕೆಟ್ ಮೆಷಿನ್ನೂ ಹಾಗೇ. ಉಪ್ಪಿನ ಗದ್ದೆಯವರ ಚಿಲ್ಲರೆ ಎಣಿಸಿದ ಕೈಯಲ್ಲಿ ಒತ್ತಿದರೆ ಹಟ ಮಾಡುತ್ತಿತ್ತು. ಅಪ್ಪ ಅಮ್ಮನ ಜೊತೆ ನಸುಕಿನಲ್ಲೇ ಗದ್ದೆಗೆ ಹೋಗಿ ಉಪ್ಪು ಎಳೆದು, ಅಲ್ಲಿಂದ ನೇರ ಶಾಲೆಗೆ ಬರುವ ಮಕ್ಕಳು ಅವು.

"ಇದಕ್ಕೆ ಇಂಗ್ಲಿಷ್ ಬೇಡ ಮಾರಾಯ್ತಿ. ಸೋಪು ಬೇಕು."

ಅವಳು ನಕ್ಕು ನಕ್ಕು ಗೋಡೆಗೆ ಒರಗಿ ಕೂತಳು.

ಮರುದಿನ ತರಗತಿಯ ಬಾಗಿಲಲ್ಲಿ ಒಂದು ಬೋಗುಣಿ ನೀರು, ಸೋಪು, ಮೊಳೆಗೆ ನೇತುಹಾಕಿದ ಟವೆಲು. ಸಾಲಾಗಿ ಬಂದು ಕೈ ತೊಳೆದು, ಒರೆಸಿ, ಎರಡೂ ಅಂಗೈ ಮುಂದೆ ಚಾಚಿ ತೋರಿಸಬೇಕು. ನೋಡುವುದು ಆ ವಾರದ ಲೀಡರ್. "ಕ್ಲೀನ್" ಎಂದರೆ ಒಳಗೆ. ಸಾಲಿನ ಕೊನೆಗೆ ವಡಿವುವೂ ನಿಂತು, ಎಂಟು ವರ್ಷದ ಲೀಡರಿಗೆ ತನ್ನ ಅಂಗೈ ತೋರಿಸುತ್ತಿದ್ದಳು.

ಒಳಗೆ ಹೋಗಿ ಕುರ್ಚಿಯಲ್ಲಿ ಕೂರಲಿಲ್ಲ. ಚಾಪೆಯ ಮೇಲೆ ಮಕ್ಕಳ ನಡುವೆ ಕೂತಳು. "ಟ್ಯಾಬ್ ಆನ್ ಆದ್ರೆ ನಾನು ಟೀಚರ್ ಅಲ್ಲ. ಅದು ಟೀಚರ್. ಅದು ಹೇಳಿದ ಹಾಗೆ ಹೇಳೋಕೆ ನಿಮಗೂ ಬರಲ್ಲ, ನನಗೂ ಬರಲ್ಲ. ಅಕ್ಕ ಅನ್ನಿ. ಯಾರಾದ್ರೂ ಟೀಚರ್ ಅಂದ್ರೆ ಅವರ ಸರದಿ ಹೋಯ್ತು."

ಎರಡು ದಿನ ಮಕ್ಕಳು ತಡವರಿಸಿದರು. ಮಾರಿಸೆಲ್ವಂ ಎಂಬ ತುಂಟ ಒಂದೇ ದಿನ ಮೂರು ಸರದಿ ಕಳೆದುಕೊಂಡು ಅತ್ತ. ಮೂರನೆಯ ದಿನದಿಂದ ಅಕ್ಕ ಅಕ್ಕನೇ ಆದಳು. ಅವಳು ತಪ್ಪು ಹೇಳಿದರೆ ಮಕ್ಕಳಿಗೆ ಹಬ್ಬ. "ಹಂಗಲ್ಲ ಅಕ್ಕಾ, ಅವರು ಇನ್ನೊಂಥರ ಹೇಳಿದ್ರು, ಕೇಳಿ" ಎಂದು ತಿರುಗಿ ಹಾಕಿ ಕೇಳಿಸುತ್ತಿದ್ದರು. ಟೀಚರನ್ನೇ ತಿದ್ದಬಹುದು ಎಂದ ಮೇಲೆ ತಾನು ತಪ್ಪಿದರೆ ನಾಚಿಕೆಯೇನು? ತರಗತಿಯಲ್ಲಿ ಒಮ್ಮೆಯೂ ಬಾಯಿ ತೆರೆದಿರದ ಅಮಲಿ ಒಂದು ದಿನ ಟ್ಯಾಬನ್ನು ಮೂಲೆಗೆ ಒಯ್ದು, ಗೋಡೆಗೆ ಮುಖ ಮಾಡಿ, ಅದರ ಕಿವಿಯಲ್ಲಿ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ಟ್ಯಾಬ್ ಅವಳ ದನಿಯನ್ನು ಅವಳಿಗೇ ಕೇಳಿಸಿತು. ಹುಡುಗಿ ತಿರುಗಿ ಅಕ್ಕನ ಕಡೆ ನೋಡಿದಳಂತೆ, ಯಾರೋ ತನ್ನನ್ನು ಹೆಸರು ಹಿಡಿದು ಕರೆದ ಹಾಗೆ. ಆ ರಾತ್ರಿ ವಡಿವು ಊಟ ಮಾಡುವಾಗ ಇದನ್ನೇ ಮೂರು ಸಲ ಹೇಳಿದ್ದಳು.

ಮಕ್ಕಳು ಮೊದಲು ಕಲಿತದ್ದು ಗಿಳಿಯ ಪಾಠವಲ್ಲ, "ಯುವರ್ ಟರ್ನ್". ಗೋಲಿ ಆಡುವಾಗ, ನಲ್ಲಿಯ ಸಾಲಿನಲ್ಲಿ, ಸೈಕಲ್ ಹತ್ತುವಾಗ ಅದೇ ಮಾತು. ನಲ್ಲಿಯಿಂದ ಅದು ತಾಯಂದಿರ ಬಾಯಿಗೆ ಬಂತು, ಅಲ್ಲಿಂದ ರೇಷನ್ ಅಂಗಡಿಗೆ. ಪೇಚ್ಚಿ ಅತ್ತೆಗೂ ಬರುವ ಇಂಗ್ಲಿಷ್ ಅದೊಂದೇ. ಅದು ಇಂಗ್ಲಿಷೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

*

ಹನ್ನೊಂದೂವರೆಯ ಬಸ್ಸು ನಿಂತು ಹೊರಟದ್ದು ಇಸಕ್ಕಿಮುತ್ತುವಿಗೆ ಕೇಳಿಸಿತು. ಬಸ್ ಸ್ಟಾಪು ಬೀದಿಯ ತಿರುವಿನಾಚೆ. ಅಲ್ಲೊಂದು ಟೀ ಅಂಗಡಿ. ಇಳಿದವರು ತಿರುವು ದಾಟಿ ಬರಲು ಎಷ್ಟು ಹೊತ್ತೆಂದು ಅವನಿಗೆ ಗೊತ್ತು. ಅಷ್ಟು ಹೊತ್ತು ಕಾದ. ಉಪ್ಪಿನ ಕಂಪನಿಯ ಗುಮಾಸ್ತ ಹೂಮಾಲೆ ಹಿಡಿದು ಬಂದ. ಬೇರೆ ಯಾರೂ ಬರಲಿಲ್ಲ.

ಪೆಟ್ಟಿಗೆಯ ಸುತ್ತ ಹೆಂಗಸರು ಎದೆ ಬಡಿದುಕೊಂಡು ಹಾಡುತ್ತಿದ್ದರು. ಮುಂದಾಳು ಹಾಡುಗಾರ್ತಿ ಸತ್ತವಳ ಗುಣ, ಗಂಡ, ಮಗ, ಮೊಮ್ಮಕ್ಕಳು ಎಂದು ಒಂದೊಂದನ್ನೇ ಹೊಗಳುತ್ತ ಬಂದು, ಅಣ್ಣ ತಂದ ಸೀರೆಯ ಚರಣಕ್ಕೆ ತಲುಪಿದವಳು ತಟ್ಟನೆ ನಿಂತು ಪೇಚ್ಚಿ ಅತ್ತೆಯ ಮುಖ ನೋಡಿದಳು. ಅತ್ತೆ ಮುಂದೆ ಹೋಗು ಎಂದು ಕೈ ಬೀಸಿದಳು. ಹಾಡು ಆ ಚರಣವನ್ನು ದಾಟಿಕೊಂಡು ಹೋಯಿತು. ಇಸಕ್ಕಿಮುತ್ತು ತಲೆ ತಗ್ಗಿಸಿದ. ತಲೆ ಎತ್ತಿದಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಮಲಿ ತನ್ನನ್ನೇ ನೋಡುತ್ತಿದ್ದಳು.

"ಅಜ್ಜಿ, ಯಾಕೆ ಬಿಟ್ರು ಆ ಚರಣ?" ಎಂದು ಅವಳು ಕೇಳಿದ್ದು, ಅತ್ತೆ ಕಿವಿಯಲ್ಲಿ ಏನೋ ಹೇಳಿದ್ದು ಕಾಣಿಸಿತು. ಅಮಲಿ ಹಿತ್ತಲ ಕಡೆಯಿಂದ ಹೊರಗೆ ಹೋದಳು. ಹೋಗುವಾಗ ಫೋನು ಕಿವಿಯಲ್ಲಿತ್ತು.

ಒಂದು ಗಂಟೆಯ ಹೊತ್ತಿಗೆ ಕುಮರೇಸನ್ ತನ್ನ ಫೋನನ್ನು ಅಪ್ಪನ ಮುಂದೆ ಹಿಡಿದ. "ಮಾವನ ಮಗ."

ಆ ಕಡೆಯ ದನಿ ಮುಜುಗರದಲ್ಲಿತ್ತು. "ಅಪ್ಪನಿಗೆ ಬೆಳಗ್ಗೆಯೇ ಹೇಳಿದೆ ಮಾಮಾ. ಒಂದು ಮಾತೂ ಆಡಲಿಲ್ಲ. ಎದ್ದು ಹೊರಗೆ ಹೋದ್ರು. ಇನ್ನೂ ಬಂದಿಲ್ಲ. ನೀವು ಕಾಯಬೇಡಿ."

"ಆಯ್ತಪ್ಪ. ಹೇಳಿದ್ಯಲ್ಲ, ಅಷ್ಟು ಸಾಕು."

ಫೋನನ್ನು ಪಂಚೆಯ ಅಂಚಿಗೆ ಒರೆಸಿ ತಿರುಗಿ ಕೊಟ್ಟ. ಮಗ ಗಡಿಯಾರ ನೋಡಿ, "ನಾಲ್ಕಕ್ಕೆ ಎತ್ತೋಣ. ಆಮೇಲೆ ಕತ್ತಲಾಗತ್ತೆ" ಎಂದ.

"ಮೂರೂವರೆ ಬಸ್ ಒಂದು ನೋಡೋಣ."

"ಬರಲ್ಲ ಅಂತ ಆಯ್ತಲ್ಲಪ್ಪಾ."

"ಬಸ್ ಬರತ್ತಲ್ಲ. ಅದನ್ನ ನೋಡೋಣ."

*

ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದ ದಿನದ ಕತೆಯನ್ನು ವಡಿವು ಬಂದವರಿಗೆಲ್ಲ ಹೇಳುತ್ತಿದ್ದಳು. ಪ್ರತಿ ಸಲವೂ ಅಧಿಕಾರಿಯ ಮೀಸೆ ಸ್ವಲ್ಪ ಉದ್ದವಾಗುತ್ತಿತ್ತು.

ಅವರು ಬಾಗಿಲಲ್ಲಿ ನಿಂತು ನೋಡಿದಾಗ ಕುರ್ಚಿ ಖಾಲಿ. ಚಾಪೆಯ ಮೇಲೆ ಮಕ್ಕಳು, ಮಕ್ಕಳ ನಡುವೆ ಅರೆನರೆತ ತಲೆಯ ಒಬ್ಬ ಹೆಂಗಸು ಟ್ಯಾಬಿಗೆ ಬಗ್ಗಿ ಏನೋ ಹೇಳುತ್ತಿದ್ದಾಳೆ, ಒಬ್ಬ ಹುಡುಗ ಅವಳನ್ನು ಗದರುತ್ತಿದ್ದಾನೆ.

"ನಿಮ್ಮ ಟೀಚರ್ ಎಲ್ಲಿ?" ಎಂದು ಕೇಳಿದರು.

ಮಾರಿಸೆಲ್ವಂ ಟ್ಯಾಬನ್ನು ತೋರಿಸಿದ. "ಇದೇ ಸರ್ ಟೀಚರ್."

"ಮತ್ತೆ ಇವರು?"

"ಇವರು ಅಕ್ಕ. ನಮ್ಮ ಕ್ಲಾಸೇ. ಸ್ವಲ್ಪ ನಿಧಾನ, ಆದ್ರೆ ಕಲೀತಾರೆ ಸರ್."

ವಡಿವು ನೆಲಕ್ಕೆ ಕೈ ಊರಿದಳು. ಎದ್ದು ನಿಲ್ಲಲು ಹೋದರೆ ಮಂಡಿ ಹಿಡಿದುಕೊಂಡಿತು. ಅಧಿಕಾರಿ ಒಳಗೆ ಬಂದು ಒಂದು ಟ್ಯಾಬಿನ ಕಡೆ ಕೈ ಚಾಚಿದರು. ಆ ವಾರದ ಲೀಡರ್ ಅಮಲಿ. ಯಾರೊಂದಿಗೂ ಮಾತಾಡದ ಅಮಲಿ ಎದ್ದು ಅವರ ಮುಂದೆ ನಿಂತು, ಇಂಗ್ಲಿಷಿನಲ್ಲಿ, ಕೈ ತೊಳೆದು ಬನ್ನಿ ಎಂದಳು. ಟ್ಯಾಬ್ ಕಲಿಸಿದ ಮಾತಲ್ಲ ಅದು. ಅಲ್ಲೊಂದು ಇಲ್ಲೊಂದು ಕಲಿತದ್ದನ್ನು ತಾನೇ ಜೋಡಿಸಿಕೊಂಡು, ಬೇಕಾಗಿದ್ದಕ್ಕೆ ಆಡಿದ ಮಾತು.

ಅಧಿಕಾರಿ ಅವಳನ್ನು ನೋಡಿದರು, ಬೋಗುಣಿಯನ್ನು ನೋಡಿದರು. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ಕೈ ತೊಳೆದು, ಟವೆಲಿಗೆ ಒರೆಸಿ, ಎರಡು ಅಂಗೈಯನ್ನೂ ಚಾಚಿ ನಿಂತರು. ಅಮಲಿ ಬಗ್ಗಿ ಬೆರಳ ಸಂದಿಗಳನ್ನೂ ನೋಡಿ "ಕ್ಲೀನ್" ಎಂದಳು. ಅವರು ಚಾಪೆಯ ಮೇಲೆ ಕೂತರು. ಆ ವರ್ಷ ಮಕ್ಕಳೇ ಟ್ಯಾಬಿನಲ್ಲಿ ಫೋಟೋ ಹಿಡಿದು, ತಮ್ಮ ದನಿಯಲ್ಲೇ ಪಾಠ ಮಾಡಿಟ್ಟಿದ್ದರು: ಉಪ್ಪಿನ ರಾಶಿ, ಲಾರಿ, ಕಡಲಹಕ್ಕಿ, ಅಕ್ಕನ ಊಟದ ಡಬ್ಬಿ. ಎಲ್ಲ ಪಾಠದ ಕೊನೆಯಲ್ಲೂ ಒಂದೇ ಮಾತು, "ಯುವರ್ ಟರ್ನ್". ಗಂಟೆ ಹೊಡೆಯುವವರೆಗೂ ಅಧಿಕಾರಿ ತಮ್ಮ ಸರದಿಗೆ ಕಾದು ಕೂತಿದ್ದರು.

"ಹೋಗ್ತಾ ನನ್ನ ಹತ್ರ ಬಂದು ಏನಂದ್ರು ಗೊತ್ತಾ?" ಎಂದು ವಡಿವು ಕತೆ ಮುಗಿಸುತ್ತಿದ್ದಳು. "ಅಕ್ಕಾ, ಬರ್ತೀನಿ, ಅಂದ್ರು."

*

ಮೂರೂವರೆಯ ಬಸ್ಸು ಬಂದು ಹೋಯಿತು. ಇಸಕ್ಕಿಮುತ್ತು ತಿರುವಿನ ಕಡೆ ಕಣ್ಣಿಟ್ಟು ನಿಂತ. ನಾಯಿಯೊಂದು ಬಂತು. ಅದರ ಹಿಂದೆ ಯಾರೂ ಇರಲಿಲ್ಲ.

"ಆಯ್ತು ಅತ್ತೆ," ಎಂದ. "ಒಳಗೆ ಅವಳ ಟ್ರಂಕಲ್ಲಿ ಹಳದಿ ಸೀರೆ ಒಂದಿದೆ. ಅದೇ ಹೊದಿಸಿ."

ಪೇಚ್ಚಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಂಡಿಗೆ ಕೈ ಕೊಟ್ಟು ಎದ್ದಳು. ಅವಳು ಹೊಸ್ತಿಲು ದಾಟಿರಲಿಲ್ಲ, ಬೀದಿಯ ತಿರುವಿನಾಚೆ ತಮಟೆ ಕೇಳಿತು. ಇಸಕ್ಕಿಮುತ್ತು ಪೆಂಡಾಲಿನತ್ತ ತಿರುಗಿ ನೋಡಿದ. ತಮಟೆಯವರ ಜಾಗ ಖಾಲಿ.

"ಯಾರನ್ನ ಎದುರುಗೊಳ್ಳೋಕೆ ಹೋದ್ರು ಇವರು?" ಎಂದ ಕುಮರೇಸನ್.

ತಿರುವಿನಲ್ಲಿ ಮೊದಲು ಕಂಡದ್ದು ಹಿಂದೆ ಹಿಂದೆ ಹೆಜ್ಜೆ ಹಾಕಿ ಕುಣಿಯುತ್ತ ಬರುತ್ತಿದ್ದ ತಮಟೆಯವರ ಬೆನ್ನು. ಅವರ ಎದುರಿಗೆ ಮಾರಿಸೆಲ್ವಂ, ಈಗ ಉಪ್ಪಿನ ಲಾರಿ ಓಡಿಸುವ ಆಳೆತ್ತರದ ಗಂಡಸು, ತಲೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಕೆಂಪು ಸೀರೆ, ತೆಂಗಿನಕಾಯಿ, ಹೂವು. ಅವನ ಹಿಂದೆ ಹತ್ತಿಪ್ಪತ್ತು ಹುಡುಗರು, ಹುಡುಗಿಯರು. ಗದ್ದೆಯಿಂದ ನೇರ ಬಂದವರ ಕಾಲು ಮೊಣಕಾಲಿನವರೆಗೂ ಬೆಳ್ಳಗಿತ್ತು. ಒಬ್ಬ ಪೆಟ್ರೋಲ್ ಬಂಕಿನ ಅಂಗಿಯಲ್ಲೇ ಇದ್ದ. ಅಮಲಿ ಪಕ್ಕದಲ್ಲಿ ಓಡೋಡಿ ಬರುತ್ತಿದ್ದಳು.

ಪೇಚ್ಚಿ ಅತ್ತೆ ಪೆಂಡಾಲಿನ ಬಾಯಲ್ಲಿ ಅಡ್ಡ ನಿಂತಳು. "ನಿಲ್ಲಿ. ಇದೇನು?"

"ತವರಿನ ಸೀರೆ ಅಜ್ಜಿ," ಎಂದ ಮಾರಿಸೆಲ್ವಂ.

"ಯಾವ ತವರು? ನೀನು ಲಾರಿ ಮುನಿಯನ ಮಗ ಅಲ್ವೇನೋ? ಅವಳಿಗೂ ನಿಂಗೂ ಏನು ಸಂಬಂಧ?"

"ನಾವು ಅಕ್ಕ ಅಂತ ಕರೀತೀವಿ."

"ಕರೆದ್ರೆ ಆಗೋಯ್ತಾ?"

"ನಾವಾಗೇ ಕರೀಲಿಲ್ಲ ಅಜ್ಜಿ. ಅವರೇ ಕರೆಸ್ಕೊಂಡ್ರು. ಟೀಚರ್ ಅಂದಿದ್ದಕ್ಕೆ ನನ್ನ ಮೂರು ಸರದಿ ಹೋಗಿದೆ, ಇವರನ್ನೆಲ್ಲ ಕೇಳಿ. ಒಂದೇ ಚಾಪೆ ಮೇಲೆ ಕೂತು ಕಲಿತಿದೀವಿ. ಒಡಹುಟ್ಟಿದೋರು ಇನ್ನೇನು ಮಾಡ್ತಾರೆ?"

ಅತ್ತೆ ಇಸಕ್ಕಿಮುತ್ತುವಿನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಗುಂಪಿನ ಹಿಂದೆ, ಪೆಟ್ರೋಲ್ ಬಂಕಿನ ಹುಡುಗ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದ ಒಬ್ಬ ಮುದುಕನನ್ನು ನೋಡುತ್ತಿದ್ದ. ಬಿಳಿ ಪಂಚೆ, ಎದೆಗೆ ಅವುಚಿಕೊಂಡ ಬಟ್ಟೆಯ ಚೀಲ. ಮೂಗು ವಡಿವುವಿನದೇ.

"ಇವರು ಟೀ ಅಂಗಡೀಲಿ ಕೂತಿದ್ರು ಭಾವಾ," ಎಂದು ಅಮಲಿ ಮೆಲ್ಲಗೆ ಹೇಳಿದಳು. "ಹನ್ನೊಂದೂವರೆ ಬಸ್ಸಿಗೆ ಬಂದೋರಂತೆ. ಟೀ ಮೇಲೆ ಟೀ ಕುಡೀತಾ ಕೂತಿದಾರೆ, ಏಳ್ತಾನೂ ಇಲ್ಲ, ಮಾತೂ ಇಲ್ಲ ಅಂತ ಅಂಗಡಿಯವನು ಹೇಳಿದ. ಕೇಳಿದ್ರೆ, ಅಕ್ಕನ ಅಣ್ಣ ಅಂದ್ರು. ಹಂಗಾದ್ರೆ ನಮಗೂ ಅಣ್ಣನೇ, ಒಬ್ಬರೇ ಯಾಕೆ ಹೋಗೋದು, ಜೊತೇಲೇ ಬನ್ನಿ ಅಂತ ಎಬ್ಬಿಸ್ಕೊಂಡು ಬಂದ್ವಿ."

ತಮಟೆ ತಾನಾಗಿ ನಿಂತಿತು. ಶಂಕರಪಾಂಡಿ ಪೆಂಡಾಲಿನ ಅಂಚಿನವರೆಗೆ ಬಂದು, ಅದರ ನೆರಳು ಎಲ್ಲಿ ಶುರುವಾಗುತ್ತದೋ ಅಲ್ಲಿ ನಿಂತುಬಿಟ್ಟ. ಇಡೀ ಪೆಂಡಾಲು ಇಸಕ್ಕಿಮುತ್ತುವಿನ ಬಾಯಿ ನೋಡುತ್ತಿತ್ತು.

ಅವನ ಬಾಯಿಂದ ಬಂದದ್ದು, ಬದುಕಿನುದ್ದಕ್ಕೂ ಫುಟ್‌ಬೋರ್ಡಿನ ಮೇಲೆ ನಿಂತವರಿಗೆ ಹೇಳಿದ ಮಾತೇ.

"ಒಳಗೆ ಬನ್ನಿ, ಒಳಗೆ ಬನ್ನಿ. ಒಳಗೆ ಜಾಗ ಇದೆ."

ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಮುದುಕ ನೆರಳಿನೊಳಕ್ಕೆ ಕಾಲಿಟ್ಟ.

ಪೇಚ್ಚಿ ಅತ್ತೆ ಎರಡು ತವರನ್ನೂ ಮೇಲಿಂದ ಕೆಳಗೆ ನೋಡಿದಳು. "ಸರಿ. ಯಾವ ಮಹಾರಾಣಿಗೂ ಎರಡೆರಡು ತವರಿಂದ ಸೀರೆ ಬಂದಿದ್ದು ನಾನು ಕಂಡಿಲ್ಲ. ಬಂದಿದ್ದನ್ನ ಬೇಡ ಅನ್ನೋಕೆ ನಾನ್ಯಾರು. ಆದ್ರೆ ಆ ಕೈ ನೋಡ್ಕೊಳ್ಳಿ, ಉಪ್ಪು ಮೆತ್ಕೊಂಡು ಬಂದಿದೀರ. ಆ ಕೈಯಲ್ಲಿ ಸೀರೆ ಮುಟ್ಟಬೇಡಿ. ಮೊದಲು ಕೈ ತೊಳ್ಕೊಂಡು ಬನ್ನಿ."

ಗುಂಪು ತಂತಮ್ಮ ಕೈ ನೋಡಿಕೊಂಡಿತು. ಆಮೇಲೆ ಯಾರು ಶುರು ಮಾಡಿದರೋ, ಎಲ್ಲರೂ ಒಟ್ಟಿಗೆ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಅತ್ತೆಗೆ ತಾನು ಏನು ತಮಾಷೆ ಮಾಡಿದೆನೆಂದು ತಿಳಿಯಲಿಲ್ಲ. ಇಸಕ್ಕಿಮುತ್ತು ಹಿತ್ತಲಿಗೆ ಹೋಗಿ ಬೋಗುಣಿಯಲ್ಲಿ ನೀರು ತುಂಬಿಕೊಂಡು ಬಂದ. ಸೋಪು ತಂದ. ಮೊಳೆಯಲ್ಲಿದ್ದ ಟವೆಲನ್ನು ತನ್ನ ಹೆಗಲಿಗೇ ಹಾಕಿಕೊಂಡು ನಿಂತ.

ಯಾರೂ ಹೇಳದೆ ಸಾಲು ಆಯಿತು. ಮಾರಿಸೆಲ್ವಂ ತೊಳೆದ, ಭಾವನ ಹೆಗಲಿಗೆ ಕೈ ಒರೆಸಿದ, ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ಎರಡೂ ಅಂಗೈ ಚಾಚಿ ನಿಂತ. ತಲೆಯ ಬಳಿ ನಿಂತಿದ್ದ ಅಮಲಿ ಅವನ ಬೆರಳ ಸಂದಿಯನ್ನು ನೋಡಿದಳು.

"ಕ್ಲೀನ್."

ಮುಂದಿನವನು. ಅವನ ಹಿಂದಿನವಳು. ಸ್ಟೀರಿಂಗ್ ಹಿಡಿದ ಕೈ, ಬಲೆ ಎಳೆದ ಕೈ, ಮದರಂಗಿ ಇನ್ನೂ ಮಾಸದ ಒಂದು ಕೈ. ಪೆಟ್ಟಿಗೆಯ ಗಾಜಿನಲ್ಲಿ ಒಂದೊಂದೇ ಜೊತೆ ಅಂಗೈ ಮೂಡಿ, ಒಂದು ಗಳಿಗೆ ವಡಿವುವಿನ ಮುಖದ ಮೇಲೆ ನಿಂತು, ಹೋಗುತ್ತಿತ್ತು. ಪೆಂಡಾಲಿನ ಹೆಂಗಸರು ಹಾಡು ಮರೆತು ನೋಡಿದರು.

ಸಾಲಿನ ಕೊನೆಯಲ್ಲಿ ಶಂಕರಪಾಂಡಿ. ಇದು ಈ ಊರಿನ ಪದ್ಧತಿಯಿರಬೇಕೆಂದು ಅವನು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು, ಮುಂದಿನವರು ಮಾಡಿದ್ದನ್ನೇ ನೋಡಿ ನೋಡಿ ಮಾಡಿದ. ಸೋಪು ಹಚ್ಚಿ ಮೊಣಕೈಯವರೆಗೂ ತೊಳೆದ. ಇಸಕ್ಕಿಮುತ್ತು ಹೆಗಲು ಬಗ್ಗಿಸಿದ. ಮುದುಕ ಆ ಟವೆಲಿಗೆ ಕೈ ಒತ್ತಿ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿಕೊಂಡೇ ಇದ್ದ. ಆಮೇಲೆ ಪೆಟ್ಟಿಗೆಯ ಮುಂದೆ ಹೋಗಿ, ತಂಗಿಯ ಮುಖದ ಮೇಲೆ ಎರಡೂ ಅಂಗೈ ಬಿಡಿಸಿ ಹಿಡಿದ.

ಅಮಲಿ ಬಗ್ಗಿ ನೋಡಿದಳು. ಗೆರೆ ಗೆರೆಯನ್ನೂ, ಬೆರಳ ಸಂದಿಯನ್ನೂ ನೋಡಿದಳು.

"ಕ್ಲೀನ್ ಅಣ್ಣಾ."

ಮುದುಕ ಮುಂದೇನೆಂದು ತಿಳಿಯದೆ ಕೈ ಹಾಗೇ ಹಿಡಿದು ನಿಂತಿದ್ದ. ಹುಡುಗರು ತಂದ ಕೆಂಪು ಸೀರೆಯನ್ನು ಹೆಂಗಸರ ಕೈಗೆ ದಾಟಿಸುತ್ತಿದ್ದ ಪೇಚ್ಚಿ ಅತ್ತೆ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳುವಷ್ಟೇ ಸಲೀಸಾಗಿ, ಅವನ ಬೆನ್ನಿಗೆ ಕೈ ಇಟ್ಟು ಹೇಳಿದಳು.

"ಯುವರ್ ಟರ್ನ್ ಕಣಪ್ಪಾ."

ಶಂಕರಪಾಂಡಿ ಚೀಲಕ್ಕೆ ಕೈ ಹಾಕಿದ. ಹಸಿರು ಸೀರೆ. ಅಂಗಡಿಯ ಕಾಗದ ಹಳದಿಯಾಗಿ, ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರಿತು. ಅವನು ಸೀರೆಯನ್ನು ಕೊಡವಿ ಬಿಡಿಸಿದಾಗ ನುಸಿಗುಳಿಗೆಯ ವಾಸನೆ ಪೆಂಡಾಲು ತುಂಬಿತು. ಎಷ್ಟೋ ವರ್ಷ ಮಡಚಿಯೇ ಇದ್ದ ಆ ಹಸಿರಿನಲ್ಲಿ, ಮಡಿಕೆ ಮಡಿಕೆಗೂ ಒಂದೊಂದು ಬಿಳಿಯ ಗೆರೆ ಬಿದ್ದಿತ್ತು.